ಅಜ್ಜಿ ಅರ್ಧಕ್ಕೆ ಬಿಟ್ಟ ಕೌದಿ ಮುಗಿಸುವುದು ಹೇಗೆ?

ಅಜ್ಜಿ ಅರ್ಧ ಹೊಲಿದಿಟ್ಟ ಕೌದಿ ಮುಗಿಸಿ ಅಕ್ಕನ ಮಗುವಿಗೆ ಕೊಡಬೇಕು, ಉಳಿದ ಹಳೇ ಸೀರೆಗಳಲ್ಲಿ ಇನ್ನೊಂದೆರಡು ಹೊಲಿದು ವೃದ್ಧಾಶ್ರಮಕ್ಕೆ ಕೊಡಬೇಕು, ಅಂಚು ಹೇಗೆ ಮುಗಿಸಲಿ ಅಂತ ಕೇಳಿದ್ದೀರಿ. ಎರಡಕ್ಕೂ ಒಂದೇ ಥರದ ಅಂಚು ಬೇಡ. ಅದನ್ನು ಯಾರು ಒಗೀತಾರೆ, ಹೇಗೆ ಒಗೀತಾರೆ ಅಂತ ಮೊದಲು ಯೋಚನೆ ಮಾಡಿ.

ಅಜ್ಜಿಯ ಕೌದಿಯನ್ನು ನೆಲಕ್ಕೆ ಹಾಸಿ, ಅವರು ಎಲ್ಲಿಂದ ಶುರು ಮಾಡಿದ್ದಾರೆ ನೋಡಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯಲ್ಲಿ (ಕೌದಿಗೆ ಅವರ ಹೆಸರು) ಕೆಲಸ ಮೂಲೆಯಿಂದ ಶುರುವಾಗುತ್ತದೆ. ತುಂಡುಗಳ ಅಂಚನ್ನು ಒಳಗೆ ಮಡಚುತ್ತಾ, ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಹಾಗಾಗಿ ಅಂಚು ಮೊದಲೇ ಮುಗಿದಿರುತ್ತದೆ, ಬಾಕಿ ಉಳಿಯುವುದು ಹೊಟ್ಟೆ ಭಾಗ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ 'ಫೂಲ', ಅಂದರೆ ಹೂವು, ಹಚ್ಚುತ್ತಾರೆ, ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅಂತ ಅವರ ಲೆಕ್ಕ. ನಿಮ್ಮ ಅಜ್ಜಿಯದೂ ಹೊರಗಿನಿಂದ ಒಳಗೆ ಬಂದಿದ್ದರೆ ಅದೇ ದಾರಿಯಲ್ಲಿ ಮುಂದುವರಿಸಿ, ಅಂಚಿನ ಚಿಂತೆಯೇ ಇಲ್ಲ. ಅಂಚು ಹಾಗೇ ಬಿಟ್ಟಿದ್ದರೆ ಮಾತ್ರ ಪಟ್ಟಿ ಕೊಡಬೇಕು.

ಅವರ ಹೊಲಿಗೆ ಬಿಚ್ಚಬೇಡಿ, ದಮ್ಮಯ್ಯ. ನಿಮ್ಮ ಟಾಕಿ ಅವರದರಷ್ಟು ಸಣ್ಣ ಬರಲ್ಲ, ಬರಲೇಬೇಕು ಅಂತೇನೂ ಇಲ್ಲ. ಎಲ್ಲಿಂದ ಮೊಮ್ಮಗಳ ಕೈ ಶುರುವಾಯ್ತು ಅಂತ ಕಾಣಲಿ ಬಿಡಿ. ದಾರ ಮಾತ್ರ ಹತ್ತಿಯದೇ ತಗೊಳ್ಳಿ, ಒಂದು ಮೊಳಕ್ಕಿಂತ ಸ್ವಲ್ಪ ಉದ್ದ ಸಾಕು, ಜಾಸ್ತಿ ಆದರೆ ಸುಮ್ನೆ ಸಿಕ್ಕಾಗುತ್ತದೆ. ಗಂಟು ಮೇಲೆ ಕಾಣಬಾರದು. ಸೂಜಿಯನ್ನು ಒಂದು ಇಂಚು ಆಚೆ ಚುಚ್ಚಿ, ಪದರಗಳ ನಡುವೆ ತಂದು, ದಾರವನ್ನು ಮೆಲ್ಲಗೆ ಜಗ್ಗಿದರೆ 'ಟಕ್' ಅಂತ ಗಂಟು ಒಳಗೆ ಹೋಗಿ ಕೂರುತ್ತದೆ.

ಮಗುವಿನದಕ್ಕೆ ಗುಂಡಿ, ಕನ್ನಡಿ, ಟಿಕಳಿ ಯಾವುದೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಇನ್ನೊಂದು ಮಾತು, ಇದನ್ನು ಅಕ್ಕನಿಗೂ ಹೇಳಿ: ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಕೌದಿ ಹೊದಿಸಬಾರದು, ಪಕ್ಕದಲ್ಲೂ ಬಿಡಬಾರದು ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಮುಖದ ಮೇಲೆ ಬಂದರೆ ಉಸಿರು ಕಟ್ಟಬಹುದು. ಎಚ್ಚರ ಇರುವಾಗ ನೆಲಕ್ಕೆ ಹಾಸಿ ಆಡಿಸಲಿ, ಬೋರಲು ಬೀಳೋದು, ಅಂಬೆಗಾಲು ಎಲ್ಲಾ ಅದರ ಮೇಲೇ ಆಗಲಿ. ಇದಕ್ಕೆ ಅಂಚಿನ ಪಟ್ಟಿ ಬೇಕಾದರೆ ಕೈಯಲ್ಲೇ ಹೊಲಿಯಿರಿ, ಮೆತ್ತಗಿರುತ್ತದೆ.

ವೃದ್ಧಾಶ್ರಮದ್ದು ಬೇರೆ ಕಥೆ. ಅಲ್ಲಿ ಬಿಸಿನೀರು, ಸೋಡಾ, ದೊಡ್ಡ ಮಷಿನ್ನು. ಕೈಹೊಲಿಗೆಯ ಅಂಚು ಎಷ್ಟು ದಿನ ತಾಳೀತು? ಅಲ್ಲಿಗೆ ಮಷಿನ್ ಹೊಲಿಗೆಯೇ ಸರಿ. ಎರಡೂವರೆ ಇಂಚು ಅಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಅರ್ಧಕ್ಕೆ ಮಡಚಿ, ಬಿಚ್ಚಿದ ಕಡೆಯನ್ನು ಕೌದಿಯ ಅಂಚಿಗೆ ಸರಿಯಾಗಿ ಇಟ್ಟು ಕೌದಿಯ ಮೇಲ್ಭಾಗದಲ್ಲಿ ಸುತ್ತ ಹೊಲಿಯಿರಿ, ಆಮೇಲೆ ಹಿಂದಕ್ಕೆ ಮಡಚಿ ಇನ್ನೊಂದು ಸಾಲು ಹೊಡೆಯಿರಿ. ಮೊದಲ ಸಾಲು ಹೊಲಿಯುವಾಗ ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿದರೆ ಓರೆ ಗೆರೆ ಬೀಳುತ್ತದೆ, ಅದನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಮುಂದಿನ ಬದಿಯ ಉದ್ದಕ್ಕೆ ಕೆಳಗೆ ತಂದು ಮತ್ತೆ ಶುರು ಮಾಡಿ. ಮೂಲೆ ಚೂಪಾಗಿ ಕೂರುತ್ತದೆ. ಸೂಜಿ 16 ಅಥವಾ 18ನೇ ನಂಬರಿನದು ಹಾಕಿ, ಟಾಕಿ ಸ್ವಲ್ಪ ಉದ್ದ ಇಡಿ.

ಪದರ ಜಾಸ್ತಿ ಹಾಕಬೇಡಿ. ಐದಾರು ಸೀರೆ ಪದರದ ಕೌದಿ ನೆನೆದರೆ ಇಬ್ಬರು ಹಿಡಿದು ಹಿಂಡಬೇಕು, ಮಳೆಗಾಲದಲ್ಲಂತೂ ಒಣಗೋದೇ ಇಲ್ಲ. ಮೇಲೊಂದು, ಕೆಳಗೊಂದು, ನಡುವೆ ಒಂದು ಸಾಕು. ಒಂಟಿ ಮಂಚದ ಅಳತೆ ನೋಡಿಕೊಳ್ಳಿ. ಇಳಕಲ್ ಸೀರೆ ಇದ್ದರೆ ಹತ್ತಿಯ ಒಡಲು ಹಾಕಿ, ರೇಷ್ಮೆ ಸೆರಗು ತೆಗೆದಿಡಿ, ಆ ಒಗೆತಕ್ಕೆ ಅದು ತಾಳಲ್ಲ. ಕೆಂಪು, ಕಡುನೀಲಿ ಬಟ್ಟೆಗಳ ಮೇಲೆ ಒದ್ದೆ ಬಿಳಿ ಚಿಂದಿ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಬದಿಗಿಡಿ.

ಹಾಂ, ಕವಂದಿ ಮುಚ್ಚುವ ಮುಂಚೆ ಕೆಲವರು ನಡುವೆ ನಾಲ್ಕು ಅಕ್ಕಿಕಾಳು ಇಡುತ್ತಾರೆ. ಚೆಂದದ ಪದ್ಧತಿ, ಮನೆಯ ಕೌದಿಗೆ ಬೇಕಾದರೆ ಮಾಡಿ. ಆಶ್ರಮಕ್ಕೆ ಕೊಡುವುದರಲ್ಲಿ ಬೇಡ, ಹುಳ ಆದರೆ ಪೂರ್ತಿ ಕಪಾಟಿಗೇ ಹಬ್ಬುತ್ತದೆ.

ಹೊಲಿಯೋಕೆ ಕೂರುವ ಮುಂಚೆ ಆಶ್ರಮಕ್ಕೆ ಒಂದು ಫೋನ್ ಮಾಡಿ ಕೇಳಿ. ಕೆಲವು ಕಡೆ ಹಳೇ ಬಟ್ಟೆಯದು ಅಂದರೆ ತಗೊಳ್ಳಲ್ಲ, ಕೆಲವು ಕಡೆ ಹೊದಿಕೆ ಬೇಕಾದಷ್ಟಿದ್ದು ಗಾಲಿಕುರ್ಚಿಯಲ್ಲಿ ಕೂತವರ ಮಂಡಿ ಮೇಲೆ ಹಾಕುವ ಸಣ್ಣದು ಬೇಕಿರುತ್ತದೆ. ಸಣ್ಣದಾದರೆ ನಿಮಗೂ ಬೇಗ ಮುಗಿಯುತ್ತದೆ ಅಲ್ವಾ?