ಹಾಯಿದೋಣಿಯ ಡೀಸೆಲ್ ಎಂಜಿನ್ ವಿಪರೀತ ಬಿಸಿಯಾಗಿ, ಹೊಗೆಕೊಳವೆಯಿಂದ ನೀರು ಬರುವುದೇ ನಿಂತರೆ ಏನು ಮಾಡಬೇಕು?

ಮೊದಲು ಎಂಜಿನ್ ನಿಲ್ಲಿಸಿ, ಹಾಯಿ ಬಿಚ್ಚಿ ದಡದಿಂದ ದೂರ ಸರಿಯಿರಿ. ಗಾಳಿಯಿಲ್ಲದೆ ಬಂಡೆಯ ಕಡೆ ತೇಲುತ್ತಿದ್ದರೆ ಲಂಗರು ಹಾಕಿ. ರಿಪೇರಿ ಆಮೇಲೆ.

ಎಂಜಿನ್ ತಣಿಸುವ ಸಮುದ್ರದ ನೀರು ದೋಣಿತಳದ ವಾಲ್ವ್, ಜಾಲರಿ ಫಿಲ್ಟರ್, ಪಂಪ್, ಹೀಟ್ ಎಕ್ಸ್‌ಚೇಂಜರ್ (ಎಂಜಿನ್ನಿನ ಬಿಸಿಯನ್ನು ಈ ನೀರಿಗೆ ದಾಟಿಸುವ ಭಾಗ) ದಾಟಿ ಹೊಗೆಕೊಳವೆಗೆ ಹೋಗುತ್ತದೆ. ವಾಲ್ವ್ ತೆರೆದೇ ಇತ್ತೇ ನೋಡಿ. ಅದನ್ನು ಮುಚ್ಚಿ ಫಿಲ್ಟರ್ ಬಿಚ್ಚಿ; ದಡದ ಹತ್ತಿರ ಪ್ಲಾಸ್ಟಿಕ್ ಚೂರು, ಪಾಚಿ, ಜೆಲ್ಲಿಫಿಶ್ ಸಿಕ್ಕಿಕೊಳ್ಳುವುದು ಮಾಮೂಲು.

ಫಿಲ್ಟರ್ ಚೊಕ್ಕವಾಗಿದ್ದರೆ ಅನುಮಾನ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಚಕ್ರದ ಮೇಲೆ. ಅದರ ಜಾರಿಕೆಗೆ ನೀರೇ ಆಧಾರ. ನೀರಿಲ್ಲದೆ ತಿರುಗಿದರೆ ನಿಮಿಷದೊಳಗೇ ರೆಕ್ಕೆ ಹರಿಯಬಹುದು. ಮುಚ್ಚಳದ ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತ ಬಿಚ್ಚಿ, ತಳಕ್ಕೆ ಉರುಳಿದರೆ ಹುಡುಕುವುದು ಕಷ್ಟ. ಹಳೆಯ ಇಂಪೆಲ್ಲರಿನ ರೆಕ್ಕೆಗಳನ್ನು ತಪ್ಪದೆ ಎಣಿಸಿ. 6ರಲ್ಲಿ 4 ಮಾತ್ರ ಉಳಿದಿದ್ದರೆ, ಮಿಕ್ಕ 2 ಹೆಚ್ಚಾಗಿ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಅಥವಾ ಅಲ್ಲಿಗೆ ಹೋಗುವ ಪೈಪಿನ ತಿರುವಿನಲ್ಲಿ ಕೂತಿರುತ್ತವೆ. ಅವನ್ನು ತೆಗೆಯದೆ ಹೊಸದು ಹಾಕಿದರೆ ಎಂಜಿನ್ ಮತ್ತೆ ಬಿಸಿಯಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಹೊಸದಕ್ಕೆ ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಕೆಡುತ್ತದೆ. ಪಂಪ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಒಳಗೆ ತಳ್ಳಿ. ರೆಕ್ಕೆಗಳ ತುದಿ ಹಿಂದಕ್ಕೆ ಬಾಗಿರಬೇಕು. ಪಂಪಿನ ಮುಚ್ಚಳದಡಿಯ ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಪಟ್ಟಿ) ಹರಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಪಂಪ್ ಗಾಳಿ ಎಳೆಯುತ್ತದೆ.

ಎಂಜಿನ್ ತಣಿದ ಮೇಲೆ ವಾಲ್ವ್ ತೆರೆದು ಸ್ಟಾರ್ಟ್ ಮಾಡಿ. ಅರ್ಧ ನಿಮಿಷದಲ್ಲಿ ನೀರು ಉಗುಳದಿದ್ದರೆ ನಿಲ್ಲಿಸಿ. ಬಿಸಿಯಿರುವಾಗ ಕೂಲೆಂಟ್ ಮುಚ್ಚಳ ಮಾತ್ರ ತೆಗೆಯಲೇಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ.