ಮುಂಗಡ ಕೊಟ್ಟ ಮೇಲೆ ಸಂಸ್ಥೆ ಮುಚ್ಚಿದರೆ

ಓದುಗರೊಬ್ಬರ ಪತ್ರದ ಸಾರ: “ಎಂಟು ಇಂಚಿನ ದರ್ಪಣವಿರುವ ದೂರದರ್ಶಕ ಮಾಡಿಕೊಡುವಂತೆ ಸಣ್ಣ ತಯಾರಕರೊಬ್ಬರಿಗೆ ಆರ್ಡರ್ ಕೊಟ್ಟಿದ್ದೆ. ಆಗಲೇ ಅರ್ಧ ಹಣವನ್ನು ಕ್ರೆಡಿಟ್ ಕಾರ್ಡ್ ಮೂಲಕ ಕಟ್ಟಿದೆ. ದರ್ಪಣ ಸಿದ್ಧವಾಗಿದೆ ಎಂದು ಅವರು ತಿಳಿಸಿದ ಮೇಲೆ ಉಳಿದರ್ಧವನ್ನು ನೇರವಾಗಿ ಅವರ ಬ್ಯಾಂಕ್ ಖಾತೆಗೆ ಕಳುಹಿಸಿದೆ. ನನ್ನ ಹಳೆಯ ಆರು ಇಂಚಿನ ದರ್ಪಣವೂ ಹೊಸ ಲೇಪನಕ್ಕೆಂದು ಅವರ ಬಳಿಯೇ ಇದೆ. ಕಳೆದ ತಿಂಗಳು ಸಂಸ್ಥೆ ಮುಚ್ಚಿತು. ಅವರು ಮೋಸಗಾರರಲ್ಲ, ಒಳ್ಳೆಯ ಕುಶಲಕರ್ಮಿ. ಕಷ್ಟದಲ್ಲಿರುವವರ ಮೇಲೆ ದೂರು ಕೊಡಲು ಮನಸ್ಸು ಒಪ್ಪುತ್ತಿಲ್ಲ. ಹಣ ಮರಳಿ ಬರುವ ದಾರಿ ಇದೆಯೇ?”

ಪ್ರಿಯ ಓದುಗರೇ,

ನಿಮ್ಮ ಸಂಕೋಚದ ಮಾತಿನಿಂದಲೇ ಆರಂಭಿಸುತ್ತೇನೆ. ನಿಮ್ಮ ಕೈ ಕಟ್ಟಿಹಾಕಿರುವುದು ಅದೇ, ಮತ್ತು ಈ ವಿಷಯದಲ್ಲಿ ದಿನ ಕಳೆದಷ್ಟೂ ದಾರಿಗಳು ಮುಚ್ಚುತ್ತಾ ಹೋಗುತ್ತವೆ. ನೀವು ಕೇಳದೆ ಬಿಟ್ಟ ಹಣ ಆ ತಯಾರಕರ ಮನೆ ಸೇರುವುದಿಲ್ಲ. ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿದ್ದರೆ ಅಲ್ಲಿ ಉಳಿದಿರುವುದೆಲ್ಲವೂ ಬ್ಯಾಂಕು, ತೆರಿಗೆ ಇಲಾಖೆ, ಗಾಜು ಮತ್ತು ಲೋಹ ಪೂರೈಸಿದವರ ನಡುವೆ ಹಂಚಿಹೋಗುತ್ತದೆ. ನೀವು ಸುಮ್ಮನಿದ್ದರೆ ಆ ಸಾಲದಾತರ ಪಾಲು ಅಷ್ಟು ಹೆಚ್ಚುತ್ತದೆ. ಹಕ್ಕು ಮಂಡಿಸಿದ ಮಾತ್ರಕ್ಕೆ ತಯಾರಕರನ್ನು ಮೋಸಗಾರರೆಂದು ಕರೆದಂತೆ ಆಗುವುದಿಲ್ಲ. ಸಾಲ ತೀರಿಸಲಾಗದೆ ಸೋತ ಪ್ರಾಮಾಣಿಕರಿಗಾಗಿಯೇ ದಿವಾಳಿ ಕಾನೂನು ಇರುವುದು.

ನೀವು ಕೊಟ್ಟದ್ದೆಲ್ಲ ಒಬ್ಬರ ಕೈಗೇ ಹೋಗಿದ್ದರೂ ಕಾರ್ಡಿನ ಹಣ, ವರ್ಗಾವಣೆಯ ಹಣ, ಹಳೆಯ ದರ್ಪಣ ಈ ಮೂರನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಇಂಥ ಸಂದರ್ಭದಲ್ಲಿ ನಿಮ್ಮ ನ್ಯಾಯ ಎಷ್ಟು ಬಲವಾಗಿದೆ ಎನ್ನುವುದಕ್ಕಿಂತ ಹಣ ಯಾವ ದಾರಿಯಲ್ಲಿ ಹೋಯಿತು ಎನ್ನುವುದೇ ಹೆಚ್ಚು ನಿರ್ಣಾಯಕ.

ಕಾರ್ಡಿನ ಹಣದಲ್ಲಿ ಹೆಚ್ಚಿನ ಭರವಸೆ ಇದೆ. ಇಂದೇ ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆದು, “ಸರಕು ತಲುಪಿಲ್ಲ” ಎಂಬ ಕಾರಣಕ್ಕೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕವೇ ಹಿಂದಿರುಗಿಸುವ ಕ್ರಮವನ್ನು ಕೇಳಿ. ಬ್ಯಾಂಕ್ ಆ ದೂರನ್ನು ತಯಾರಕರಿಗೆ ಕಾರ್ಡ್ ಸೌಲಭ್ಯ ಒದಗಿಸಿದ ಬ್ಯಾಂಕಿಗೆ ದಾಟಿಸುತ್ತದೆ. ತಯಾರಕರ ಖಾತೆ ಬರಿದಾಗಿದ್ದರೆ ನಷ್ಟ ಆ ಬ್ಯಾಂಕಿನ ಮೇಲೆ ಬೀಳುತ್ತದೆ. ಆದ್ದರಿಂದ ಉಳಿದ ಗ್ರಾಹಕರ ಬಾಯಿಯ ತುತ್ತು ಕಸಿಯುತ್ತಿದ್ದೇನೆ ಎಂಬ ಅಳುಕೂ ಇಲ್ಲಿ ಬೇಡ. ಆದರೆ ಗಡುವು ಬಿಗಿಯಾಗಿದೆ. ವೀಸಾ ಕಾರ್ಡ್ ಜಾಲದ ನಿಯಮದಲ್ಲಿ, ಸರಕು ಬರಬೇಕಿದ್ದ ದಿನದಿಂದ ಸಾಮಾನ್ಯವಾಗಿ 120 ದಿನ. ಅದೂ ಪಾವತಿಯ ದಿನದಿಂದ ಒಟ್ಟು 540 ದಿನ ಮೀರುವಂತಿಲ್ಲ. ದೂರದರ್ಶಕದಂಥ ವಸ್ತುವಿನಲ್ಲಿ ಇದೇ ಅಪಾಯ. ದರ್ಪಣ ಉಜ್ಜಿ, ಹೊಳಪು ಕೊಟ್ಟು, ಪರೀಕ್ಷಿಸಿ ಮುಗಿಸಲು ತಿಂಗಳುಗಟ್ಟಲೆ ಬೇಕು ಎಂದು ನಮಗೆಲ್ಲ ಗೊತ್ತು, ಹಾಗಾಗಿ ತಾಳ್ಮೆಯಿಂದ ಕಾಯುತ್ತೇವೆ. “ಇನ್ನೊಂದೆರಡು ತಿಂಗಳು” ಎಂಬ ಮಾತಿಗೆ ಪ್ರತಿ ಬಾರಿ ತಲೆಯಾಡಿಸುವಾಗಲೂ ಆ 540 ದಿನಗಳು ಕರಗುತ್ತಿರುತ್ತವೆ. ಕೊಡುವೆನೆಂದು ಅವರು ಹೇಳಿದ ದಿನಾಂಕವಿರುವ ಇ-ಮೇಲ್, ಸಂಸ್ಥೆ ಮುಚ್ಚಿದ ಪ್ರಕಟಣೆ ಅಥವಾ ಬಾಗಿಲಿನ ಫೋಟೊ, ಪಾವತಿಯ ರಸೀದಿ, ಇವನ್ನು ದೂರಿನ ಜೊತೆಗೇ ಲಗತ್ತಿಸಿ.

ಬ್ರಿಟನ್ನಿನಲ್ಲಿರುವ ಓದುಗರಿಗೆ ಇನ್ನೂ ಗಟ್ಟಿಯಾದ ಆಸರೆ ಇದೆ. ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ವಸ್ತುವಿನ ಬೆಲೆ 100 ಪೌಂಡ್ ಮೀರಿದ್ದು 30,000 ಪೌಂಡ್ ದಾಟದಿದ್ದರೆ, ಮಾರಿದವರಷ್ಟೇ ಹೊಣೆ ಕ್ರೆಡಿಟ್ ಕಾರ್ಡ್ ಕೊಟ್ಟ ಸಂಸ್ಥೆಗೂ ಇರುತ್ತದೆ. ಬೆಲೆಯ ಒಂದು ಭಾಗವನ್ನಷ್ಟೇ ಕಾರ್ಡಿನಲ್ಲಿ ಕಟ್ಟಿದ್ದರೂ ಪೂರ್ತಿ ನಷ್ಟವನ್ನು ಕೇಳಬಹುದು. ಗ್ರಾಹಕರ ಪರವಾಗಿ ಇಷ್ಟು ನೇರವಾಗಿ ನಿಲ್ಲುವ ನಿಯಮ ಎಲ್ಲ ಕಡೆಯೂ ಇರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಯಾಂಕ್ ವರ್ಗಾವಣೆಯಲ್ಲಿ ಹೋದ ಅರ್ಧದ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಆ ಮೊತ್ತದ ಮಟ್ಟಿಗೆ ನೀವು ಯಾವ ಅಡಮಾನವೂ ಇಲ್ಲದೆ ಸಾಲ ಕೊಟ್ಟವರ ಸ್ಥಾನದಲ್ಲಿದ್ದೀರಿ. ಭಾರತದ 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಹಂಚಿಕೆಯ ಸರದಿಯನ್ನು ಹೇಳುತ್ತದೆ. ಮೊದಲು ಪ್ರಕ್ರಿಯೆಯ ವೆಚ್ಚ, ನಂತರ ಕಾರ್ಮಿಕರ ಬಾಕಿ ಮತ್ತು ಭದ್ರತೆ ಪಡೆದು ಸಾಲ ಕೊಟ್ಟವರು, ಆಮೇಲೆ ಉಳಿದ ನೌಕರರ ಸಂಬಳ, ಬಳಿಕ ಭದ್ರತೆಯಿಲ್ಲದ ಹಣಕಾಸು ಸಾಲಗಳು, ಸರ್ಕಾರದ ಬಾಕಿ. ಅದಾದ ಮೇಲೆ ಬರುವ “ಉಳಿದ ಸಾಲಗಳು” ಎಂಬಲ್ಲಿ ನಿಮ್ಮಂಥವರ ಮುಂಗಡ. ಸಣ್ಣ ಸಂಸ್ಥೆಯ ಬೊಕ್ಕಸ ಅಷ್ಟು ದೂರ ಬರುವುದು ಅಪರೂಪ. ಅಮೆರಿಕದಲ್ಲಿ ಸ್ಥಿತಿ ತುಸು ಉತ್ತಮ. ಸ್ವಂತಕ್ಕೆ ಅಥವಾ ಮನೆ ಬಳಕೆಗೆ ಮುಂಗಡ ಕೊಟ್ಟ ವ್ಯಕ್ತಿಗೆ ಅಲ್ಲಿನ ದಿವಾಳಿ ಕಾನೂನು ಸಾಮಾನ್ಯ ಸಾಲದಾತರಿಗಿಂತ ಮುಂದಿನ ಸ್ಥಾನ ಕೊಟ್ಟಿದೆ, 2025ರ ಏಪ್ರಿಲ್‌ನಿಂದ ಅದರ ಮಿತಿ 3,800 ಡಾಲರ್.

ಹಾಗೆಂದು ಕ್ಲೇಮ್ ಸಲ್ಲಿಸದೆ ಇರಬೇಡಿ. ಮೊದಲು ಕಂಪನಿ ನೋಂದಣಿ ದಾಖಲೆಯಲ್ಲಿ ಸಂಸ್ಥೆಯ ಸ್ಥಿತಿ ನೋಡಿ. ಬಾಗಿಲು ಹಾಕುವುದು ಬೇರೆ, ಕಾನೂನಿನ ಪ್ರಕಾರ ದಿವಾಳಿಯಾಗುವುದು ಬೇರೆ. ಅದು ಒಬ್ಬರೇ ಮಾಲೀಕರಿದ್ದ ಉದ್ಯಮವಾಗಿದ್ದರೆ ಸಾಲಕ್ಕೆ ಅವರೇ ಸ್ವತಃ ಹೊಣೆ. ಲಿಮಿಟೆಡ್ ಕಂಪನಿಯಾಗಿದ್ದರೆ ಸಾಮಾನ್ಯವಾಗಿ ಕಂಪನಿಯ ಆಸ್ತಿಯಷ್ಟೇ ನಿಮಗೆ ಎಟಕುವುದು. ವಿಧಿವತ್ತಾದ ಪ್ರಕ್ರಿಯೆ ಆರಂಭವಾಗಿದ್ದರೆ ಲಿಕ್ವಿಡೇಟರ್ (ಸಂಸ್ಥೆಯ ಆಸ್ತಿ ಮಾರಿ ಸಾಲದಾತರಿಗೆ ಹಂಚುವವರು) ಅಥವಾ ಅಂಥ ಅಧಿಕಾರಿಯ ಹೆಸರು ಪ್ರಕಟಣೆಯಲ್ಲಿ ಇರುತ್ತದೆ. ಗಡುವಿನೊಳಗೆ ಅವರಿಗೆ ಕ್ಲೇಮ್ ಸಲ್ಲಿಸಬೇಕು. ಈ ಹಂತದಲ್ಲಿ ಪ್ರತ್ಯೇಕ ಮೊಕದ್ದಮೆ ಹೂಡಿದರೆ ಬಹುತೇಕ ದೇಶಗಳಲ್ಲಿ ಅದಕ್ಕೆ ತಡೆ ಬೀಳುತ್ತದೆ, ವಕೀಲರ ಶುಲ್ಕ ಮಾತ್ರ ದಂಡವಾಗುತ್ತದೆ. ಯಾವ ಪ್ರಕ್ರಿಯೆಯೂ ಆರಂಭವಾಗದೆ ಬರೀ ಬಾಗಿಲು ಹಾಕಿದ್ದರೆ, ಲಿಖಿತ ನೋಟಿಸ್ ಕೊಟ್ಟು ಗ್ರಾಹಕ ನ್ಯಾಯಾಲಯದ ದಾರಿ ಹಿಡಿಯಬಹುದು.

ಕ್ಲೇಮ್ ಬರೆಯುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಗ್ರಾಹಕರ ಮುಂಗಡವನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟಿದ್ದರೇ? ಇಂಗ್ಲೆಂಡಿನಲ್ಲಿ ಕೇಫರ್ಡ್ ಎಂಬ ಅಂಚೆ ವ್ಯಾಪಾರದ ಕಂಪನಿ 1972ರಲ್ಲಿ ಮುಗ್ಗರಿಸತೊಡಗಿದಾಗ, ಸಲಹೆಗಾರರ ಮಾತಿನಂತೆ ಗ್ರಾಹಕರಿಂದ ಬಂದ ಹಣವನ್ನು ಬೇರೆ ಖಾತೆಗೆ ಹಾಕತೊಡಗಿತು. ಕಂಪನಿ ಮುಳುಗಿದ ಮೇಲೆ ಆ ಖಾತೆಯ ಹಣ ಯಾರದು ಎಂಬ ಪ್ರಶ್ನೆ ಬಂದಾಗ, ನ್ಯಾಯಾಧೀಶ ಮೆಗಾರಿ ಅದು ಗ್ರಾಹಕರಿಗಾಗಿ ನಂಬಿಕೆಯ ಮೇಲೆ ಇಟ್ಟ ಹಣ, ಸಾಲದಾತರಿಗೆ ಹಂಚುವಂತಿಲ್ಲ ಎಂದು ತೀರ್ಪಿತ್ತರು. ಪ್ರತ್ಯೇಕ ಖಾತೆ ತೆರೆಯಲು ಮಾಲೀಕರಿಗೆ ಬೇಕಾದದ್ದು ಬ್ಯಾಂಕಿನ ಒಂದು ಅರ್ಜಿ ಮತ್ತು ಒಳ್ಳೆಯ ಮನಸ್ಸು. ಮುಂಗಡ ಪಡೆಯುವ ಎಲ್ಲ ಸಣ್ಣ ತಯಾರಕರೂ ಹೀಗೆ ಮಾಡಬೇಕೆಂದು ಈ ಪುಟದಿಂದ ಕೇಳಿಕೊಳ್ಳುತ್ತೇನೆ.

ಇನ್ನು ವಸ್ತುಗಳ ಮಾತು. ಆರು ಇಂಚಿನ ಹಳೆಯ ದರ್ಪಣ ಇಂದಿಗೂ ನಿಮ್ಮದೇ. ಕೆಲಸಕ್ಕೆಂದು ಒಪ್ಪಿಸಿದ ವಸ್ತು ಸಂಸ್ಥೆಯ ಆಸ್ತಿಯಾಗುವುದಿಲ್ಲ, ಅದನ್ನು ಯಾವ ಸಾಲದಾತರಿಗೂ ಹಂಚುವಂತಿಲ್ಲ. ಲೇಪನ ಮುಗಿದಿದ್ದರೆ ಅದರ ಕೂಲಿ ಕೊಡಬೇಕಾದೀತು. ಹರಾಜಿನ ಪಟ್ಟಿ ತಯಾರಾಗುವ ಮೊದಲೇ, ಅಂದರೆ ಈ ವಾರವೇ, ಅಧಿಕಾರಿಗೆ ಬರೆಯಿರಿ. ದರ್ಪಣದ ವ್ಯಾಸ, ದಪ್ಪ, ನಾಭಿದೂರ, ಹಿಂಬದಿಯ ಗುರುತು ಅಥವಾ ಅಂಚಿನ ಚಕ್ಕೆ, ಹಳೆಯ ಫೋಟೊ, ಕಳುಹಿಸಿದ ಕೊರಿಯರ್ ಚೀಟಿ ಎಲ್ಲವನ್ನೂ ಕೊಡಿ. ಗಾಜಿನ ಬಗ್ಗೆ ಏನೂ ತಿಳಿಯದವರ ಕಣ್ಣಿಗೆ ಕಪಾಟಿನಲ್ಲಿರುವ ದರ್ಪಣಗಳೆಲ್ಲ ಒಂದೇ ಥರ ಕಾಣುತ್ತವೆ.

ಎಂಟು ಇಂಚಿನ ಹೊಸ ದರ್ಪಣದ ವಿಷಯ ಸೂಕ್ಷ್ಮ. ಹಣ ಪೂರ್ತಿ ಕೊಟ್ಟ ಮಾತ್ರಕ್ಕೆ ವಸ್ತು ನಿಮ್ಮದಾಗದು. ಭಾರತದ 1930ರ ಸರಕು ಮಾರಾಟ ಕಾಯ್ದೆಯೂ ಬ್ರಿಟನ್ನಿನ 1979ರ ಕಾಯ್ದೆಯೂ ಇದರಲ್ಲಿ ಒಂದೇ ಮಾತು ಹೇಳುತ್ತವೆ. ಇನ್ನೂ ತಯಾರಾಗಬೇಕಿರುವ ವಸ್ತು ಒಪ್ಪಿಸಬಹುದಾದ ಸ್ಥಿತಿಗೆ ಬಂದು, ಅದನ್ನು ನಿಮ್ಮ ಆರ್ಡರಿಗೆಂದೇ ಎತ್ತಿಟ್ಟು, ಅದಕ್ಕೆ ಇಬ್ಬರ ಒಪ್ಪಿಗೆಯೂ ಇದ್ದಾಗ ಮಾತ್ರ ಮಾಲೀಕತ್ವ ದಾಟುತ್ತದೆ. ನೀವು ಹೇಳಿದ್ದು ಪೂರ್ತಿ ದೂರದರ್ಶಕವಾದ್ದರಿಂದ, ಕೊಳವೆಯಾಗಲಿ ಪೀಠವಾಗಲಿ ಇಲ್ಲದ ದರ್ಪಣ ಮಾತ್ರ ಸಾಲದು ಎಂಬ ವಾದ ಬರಬಹುದು. ಆದರೂ “ದರ್ಪಣ ಸಿದ್ಧವಾಗಿದೆ” ಎಂಬ ಅವರ ಸಂದೇಶವನ್ನು ಅಳಿಸಬೇಡಿ. ದರ್ಪಣದ ಹಿಂಬದಿಯಲ್ಲಿ ನಿಮ್ಮ ಹೆಸರು ಅಥವಾ ಆರ್ಡರ್ ಸಂಖ್ಯೆ ಬರೆದಿದ್ದರೆ ವಾದಕ್ಕೆ ಬಲ ಬರುತ್ತದೆ. ಆ ವಾದ ಫಲಿಸದಿದ್ದರೂ, ನ್ಯಾಯವಾದ ಬೆಲೆಗೆ ದರ್ಪಣವನ್ನು ಕೊಳ್ಳಲು ಸಿದ್ಧ ಎಂದು ಅಧಿಕಾರಿಗೆ ತಿಳಿಸಿ. ಕೊಳವೆ, ಪೀಠ ಇಲ್ಲದ ಬಿಡಿ ದರ್ಪಣಕ್ಕೆ ಬೇರೆ ಗಿರಾಕಿ ಸಿಗುವುದು ಕಷ್ಟವೆಂದು ಅವರಿಗೂ ಬೇಗ ಅರಿವಾಗುತ್ತದೆ.

ತಯಾರಕರು ಸ್ನೇಹದಿಂದ “ರಾತ್ರಿ ಬಂದು ತೆಗೆದುಕೊಂಡು ಹೋಗಿ” ಎಂದರೆ ಒಪ್ಪಬೇಡಿ. ದಿವಾಳಿಯ ಹೊಸ್ತಿಲಲ್ಲಿ ಒಬ್ಬರಿಗೆ ಮಾತ್ರ ಕೊಟ್ಟದ್ದನ್ನು ಅಧಿಕಾರಿ ಮರಳಿ ವಸೂಲು ಮಾಡಬಹುದು, ಅದರಿಂದ ಅವರಿಗೇ ಹೆಚ್ಚು ತೊಂದರೆ. ಇದೇ ತಯಾರಕರಿಗೆ ಮುಂಗಡ ಕೊಟ್ಟ ಇತರರು ಸಿಕ್ಕರೆ ದಾಖಲೆಗಳನ್ನು ಹಂಚಿಕೊಳ್ಳಿ. ಹತ್ತು ಜನರ ಕ್ಲೇಮ್ ಒಟ್ಟಿಗೆ ಬಂದರೆ ಅಧಿಕಾರಿ ಗಮನಕೊಟ್ಟು ಓದುತ್ತಾರೆ. ಹಣ ಕಳೆದುಕೊಂಡವರ ಪಟ್ಟಿ ಹಿಡಿದು ಕರೆ ಮಾಡಿ, “ಇಷ್ಟು ಶುಲ್ಕ ಕಟ್ಟಿದರೆ ಪೂರ್ತಿ ವಾಪಸ್ ಕೊಡಿಸುತ್ತೇವೆ” ಎನ್ನುವ ಅಪರಿಚಿತರಿಗೆ ಮಾತ್ರ ಒಂದು ಬಿಡಿಗಾಸೂ ಕೊಡಬೇಡಿ. ಕಾರ್ಡ್ ದೂರಿಗೆ ಬ್ಯಾಂಕಿನಿಂದ ಉತ್ತರ ಬಂದ ಕೂಡಲೇ ಅದರ ಪ್ರತಿಯನ್ನು ನಮಗೆ ಕಳುಹಿಸಿ. ನಿರಾಕರಿಸಿದ್ದರೆ ಮೇಲ್ಮನವಿಯ ಒಕ್ಕಣೆಯನ್ನು ಜೊತೆಗೇ ಕುಳಿತು ಬರೆಯೋಣ.

— ಸಂಪಾದಕ