ಮಳೆಯಲ್ಲಿ ಜಾರದ ಹಾಗೆ ಸೈಕಲ್ ಓಡಿಸುವುದು ಹೇಗೆ? ಬಟನ್ ಟೈರ್ ಹಾಕಿಸಲಾ?

ಈ ವರ್ಷ ಚಿಕ್ಕಮಗಳೂರಿಗೆ ವರ್ಗವಾಗಿ ಬಂದೆ, ಹಿರೇಮಗಳೂರು ಕಡೆಯಿಂದ ದಿನಾ ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತೇನೆ, ಮಳೆ ಹಿಡಿದ ಮೇಲೆ ಎರಡು ಸಲ ಬಿದ್ದೆ ಎಂದು ಬರೆದಿದ್ದೀರಿ. ಒಂದು ಸಲ ಚರಂಡಿಯ ಕಬ್ಬಿಣದ ಜಾಲರಿ ಮೇಲೆ, ಇನ್ನೊಂದು ಸಲ ತಿರುವಿನಲ್ಲಿ ಒದ್ದೆ ಎಲೆಗಳ ಮೇಲೆ. ಬಟನ್ ಟೈರ್, ಅಂದರೆ ಮೈತುಂಬ ಗುಬುಟುಗಳಿರುವ ಟೈರ್ ಹಾಕಿಸಿದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ.

ಸರಿಹೋಗುವುದಿಲ್ಲ. ಟೈರಿಗೆ ದುಡ್ಡು ಹಾಕಬೇಡಿ, ಸವೆದುಹೋಗಿದ್ದರೆ ಮಾತ್ರ ಬದಲಾಯಿಸಿ. ಕಾರಿನ ಟೈರು ಅಗಲ. ಅಡಿಯ ನೀರು ಹೊರಗೆ ಹೋಗಲು ಅದಕ್ಕೆ ಗೀರುಗಳು ಬೇಕು. ಸೈಕಲ್ ಟೈರು ಕಿರಿದು, ದುಂಡಗಿದೆ. ನಾವು ಹೋಗುವ ವೇಗದಲ್ಲಿ ಅದು ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಬಟನ್ ಟೈರ್ ಕೆಸರಿಗೆ ಒಳ್ಳೆಯದು. ಟಾರು ರಸ್ತೆಯಲ್ಲಿ ಆ ಗುಬುಟುಗಳಷ್ಟೇ ನೆಲಕ್ಕೆ ತಾಗುತ್ತವೆ, ಹಿಡಿತ ಕಮ್ಮಿಯೇ ಆಗುತ್ತದೆ. ಟೈರಿನ ವಿಷಯದಲ್ಲಿ ಒಂದೇ ಕೆಲಸ ಮಾಡಿ, ಗಾಳಿ ಸ್ವಲ್ಪ ಇಳಿಸಿ. ನಾನು ಬೇಸಿಗೆಯಲ್ಲಿ 50 ಪಿಎಸ್ಐ ಹಾಕಿಸಿದರೆ ಮಳೆಗಾಲದಲ್ಲಿ 40ಕ್ಕೆ ನಿಲ್ಲಿಸುತ್ತೇನೆ. ಟೈರಿನ ಪಕ್ಕದಲ್ಲಿ ಬರೆದಿರುವ ಕಡಿಮೆ ಅಂಕಿಗಿಂತ ಕೆಳಗೆ ಮಾತ್ರ ಹೋಗಬೇಡಿ.

ನಿಮ್ಮನ್ನು ಬೀಳಿಸಿದ್ದು ಟೈರಲ್ಲ, ಬ್ರೇಕ್ ಹಿಡಿದ ಜಾಗ. ಜಾಲರಿ ಕಂಡ ತಕ್ಷಣ ಗಾಬರಿಯಿಂದ ಅದರ ಮೇಲೇ ಬ್ರೇಕ್ ಒತ್ತಿರುತ್ತೀರಿ, ಅಲ್ವಾ? ನಾನೂ ಹಾಗೇ ಬಿದ್ದವನು. ಆಲ್ದೂರು ರಸ್ತೆಯಲ್ಲಿ ಒಂದು ತೋಟದ ಗೇಟಿನ ಮುಂದೆ ಟ್ರ್ಯಾಕ್ಟರ್ ಚಕ್ರದ ಕೆಂಪು ಮಣ್ಣು ರಸ್ತೆಗೆ ಬಂದಿತ್ತು. ತಿರುವಿನ ಮಧ್ಯದಲ್ಲಿ ಅದನ್ನು ನೋಡಿ ಮುಂದಿನ ಬ್ರೇಕ್ ಹಿಡಿದೆ. ಏನಾಯಿತು ಎಂದು ಗೊತ್ತಾಗುವಷ್ಟರಲ್ಲಿ ನೆಲದ ಮೇಲಿದ್ದೆ. ಕಾಲರ್ ಬೋನ್ ಮುರಿದು ಎರಡು ತಿಂಗಳು ಕೈ ಎತ್ತಲಾಗಲಿಲ್ಲ. ಆಮೇಲಿಂದ ನಾನು ಬಿಡದೆ ಪಾಲಿಸುವ ಪದ್ಧತಿ ಇದು: ಜಾರುವ ಜಾಗ ಬರುವ ಮುಂಚೆಯೇ ವೇಗ ಇಳಿಸಬೇಕು, ತಿರುಗಿಸುವುದಿದ್ದರೆ ತಿರುಗಿಸಿ ಮುಗಿಸಬೇಕು. ಆ ಜಾಗದ ಮೇಲೆ ಇರುವಾಗ ಏನೂ ಮಾಡಬಾರದು. ಬ್ರೇಕ್ ಬೇಡ, ಪೆಡಲ್ ತುಳಿಯುವುದು ಬೇಡ, ಹ್ಯಾಂಡಲ್ ಅಲುಗಿಸುವುದು ಬೇಡ. ಸೈಕಲ್ ನೆಟ್ಟಗಿರಲಿ, ಮೊಣಕೈ ಸಡಿಲ ಇರಲಿ, ಸುಮ್ನೆ ದಾಟಿಕೊಳ್ಳಲಿ. ಟೈರಿಗೆ ಅಲ್ಲಿ ಸಿಗುವ ಹಿಡಿತ ತುಂಬ ಸ್ವಲ್ಪ. ನೇರ ಹೋಗುವುದಕ್ಕೆ ಅಷ್ಟು ಸಾಕು, ನಿಲ್ಲುವುದಕ್ಕೋ ತಿರುಗುವುದಕ್ಕೋ ಸಾಲುವುದಿಲ್ಲ.

ಹಿಂದಿನ ಚಕ್ರ ಜಾರಿದರೆ ಬ್ರೇಕ್ ಬಿಟ್ಟು ಸರಿ ಮಾಡಿಕೊಳ್ಳಬಹುದು. ಮುಂದಿನದು ಜಾರಿದರೆ ಅಷ್ಟು ಸಮಯ ಸಿಗುವುದಿಲ್ಲ. ಒದ್ದೆ ರಸ್ತೆಯಲ್ಲಿ ಎರಡೂ ಬ್ರೇಕ್ ಬಳಸಿ, ಆದರೆ ಹಿಂದಿನದಕ್ಕೆ ಜಾಸ್ತಿ ಕೆಲಸ ಕೊಡಿ. ನಿಮ್ಮದು ರಿಮ್ ಹಿಡಿಯುವ ಬ್ರೇಕ್ ಆದರೆ ಇನ್ನೊಂದು ವಿಷಯ ಇದೆ. ಮಳೆಯಲ್ಲಿ ಚಕ್ರದ ಮೊದಲ ಕೆಲವು ಸುತ್ತು ರಿಮ್ಮಿನ ನೀರು ಒರೆಸುವುದಕ್ಕೇ ಹೋಗುತ್ತದೆ. ಇಳಿಜಾರಿಗೆ, ಸರ್ಕಲ್ಲಿಗೆ ಬರುವ ಮುಂಚೆ ಒಂದೆರಡು ಸಲ ಬ್ರೇಕನ್ನು ಮೆಲ್ಲಗೆ ಸವರಿ ಬಿಡಿ. ಆಗ ಬೇಕಾದಾಗ ಹಿಡಿಯುತ್ತದೆ.

ಎಲ್ಲಿ ಜಾರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ನಮ್ಮ ಊರಲ್ಲಿ ಅದು ತಿಂಗಳಿಗೊಂದು ಥರ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳುತ್ತದಲ್ಲ, ಕಾಫಿ ಹೂವಾಗಲು ಎಲ್ಲರೂ ಕಾಯುವ ಮಳೆ, ಅದರ ಮೊದಲ ಅರ್ಧ ಗಂಟೆ ತುಂಬ ಅಪಾಯ. ಬೇಸಿಗೆಯಿಡೀ ಕೂತ ಎಣ್ಣೆ, ಧೂಳು ನೀರಲ್ಲಿ ಕಲಸಿಕೊಂಡು ರಸ್ತೆ ಸೋಪು ಹಚ್ಚಿದ ಹಾಗಿರುತ್ತದೆ. ಆ ಅರ್ಧ ಗಂಟೆ ಎಲ್ಲಾದರೂ ನಿಂತು ಕಾಫಿ ಕುಡಿಯಿರಿ. ಮುಂಗಾರಿನ ಹೊತ್ತಿಗೆ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ನಡೆಯುತ್ತದೆ, ಸೊಪ್ಪು, ರೆಂಬೆ ರಸ್ತೆಗೂ ಬೀಳುತ್ತವೆ. ಆರಿದ್ರಾ, ಪುನರ್ವಸು ಜಡಿಮಳೆಗೆ ರಸ್ತೆಯ ನಡುಭಾಗ ತೊಳೆದು ಹೋಗುತ್ತದೆ, ಆದರೆ ಮರದ ನೆರಳಿರುವ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಮಳೆ ನಿಂತ ಮೇಲೂ ಆ ಪಾಚಿ ವಾರಗಟ್ಟಲೆ ಇರುತ್ತದೆ. ಬಿಸಿಲು ಬಂತು ಎಂದು ನಂಬಿಕೊಂಡು ಅಂಚಿಗೆ ಹೋಗಬೇಡಿ. ರಸ್ತೆಯ ಹಂಪ್‌ಗಳಿಗೆ ಬಳಿದ ಬಿಳಿ, ಹಳದಿ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಪೆಟ್ರೋಲ್ ಬಂಕಿನ ನೆಲ ವರ್ಷವಿಡೀ ಅದೇ ಕಥೆ. ರೈಲು ಹಳಿ ಸಿಕ್ಕರೆ ಅಡ್ಡಡ್ಡ ನೇರವಾಗಿ ದಾಟಿ, ಓರೆಯಾಗಿ ಹೋಗಲೇಬೇಡಿ.

ಹಾಗಾದರೆ ರಸ್ತೆಯಲ್ಲಿ ಎಲ್ಲಿ ಓಡಿಸುವುದು? ಕಾರುಗಳ ಎಡಚಕ್ರ ಹೋಗುವ ಪಟ್ಟೆಯಲ್ಲಿ. ಅಲ್ಲಿ ಟೈರುಗಳೇ ನೀರು, ಮಣ್ಣು ಒರೆಸಿರುತ್ತವೆ. ಎರಡು ಚಕ್ರಗಳ ನಡುವಿನ ಪಟ್ಟೆಯಲ್ಲಿ ಗಾಡಿಗಳ ಎಣ್ಣೆ ಸುರಿದಿರುತ್ತದೆ, ತೀರಾ ಅಂಚಿನಲ್ಲಿ ಪಾಚಿ, ಕೆಸರು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ ಗಾಬರಿಯಾಗಿ ಟಾರಿನಿಂದ ಕೆಳಗೆ ಇಳಿಸಬೇಡಿ. ಇಳಿಸಿದರೂ ಓಡುತ್ತಲೇ ಮತ್ತೆ ಮೇಲೆ ಹತ್ತಿಸಬೇಡಿ. ಟಾರಿನ ಅಂಚು ಮುಂದಿನ ಚಕ್ರವನ್ನು ಹಿಡಿದು ನಿಮ್ಮನ್ನು ರಸ್ತೆ ಕಡೆಗೇ ಬೀಳಿಸುತ್ತದೆ, ಬಸ್ಸು ಇರುವುದು ಅಲ್ಲೇ. ನಿಂತು, ಇಳಿದು, ಸೈಕಲ್ ಎತ್ತಿ ಮೇಲಿಡಿ. ಇದನ್ನು ದಯವಿಟ್ಟು ನೆನಪಿಡಿ. ತಳ ಕಾಣದ ನೀರಿನ ಗುಂಡಿಗೂ ಚಕ್ರ ಇಳಿಸಬೇಡಿ. ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸುವುದು ಬೇಡವೇ ಬೇಡ.

ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವ ಆಸೆಯಿದೆ ಎಂದಿದ್ದೀರಿ. ಬೆಟ್ಟ 1,930 ಮೀಟರ್, ಊರಿಗಿಂತ 800 ಮೀಟರಿಗೂ ಜಾಸ್ತಿ ಎತ್ತರ. ಮಳೆಯಲ್ಲಿ ಹತ್ತುವುದು ಕಷ್ಟವಲ್ಲ, ಇಳಿಯುವುದೇ ಕಷ್ಟ. ಮಂಜು ಬೇರೆ. ಅಕ್ಟೋಬರ್ ಕಳೆಯಲಿ, ಆಮೇಲೆ ಹೋಗಿ.

ಅಲ್ಲಿಯವರೆಗೆ ಒಂದು ಭಾನುವಾರ ಯಾವುದಾದರೂ ಖಾಲಿ ಮೈದಾನದ ಒದ್ದೆ ಹುಲ್ಲಿನ ಮೇಲೆ, ನಡೆಯುವಷ್ಟೇ ವೇಗದಲ್ಲಿ, ಹಿಂದಿನ ಬ್ರೇಕ್ ಜೋರಾಗಿ ಹಿಡಿದು ಚಕ್ರ ಜಾರಿಸಿ, ಬಿಟ್ಟು ನೋಡಿ. ಇಪ್ಪತ್ತು ಸಲ ಮಾಡಿದರೆ ಕೈಗೆ ತಾನಾಗಿ ಬರುತ್ತದೆ. ಅದಕ್ಕೂ ಮುಂಚೆ, ಎರಡು ಸಲ ಬಿದ್ದ ಸೈಕಲ್ ಅದು, ಮುಂದಿನ ಚಕ್ರ ಎತ್ತಿ ತಿರುಗಿಸಿ ನೋಡಿ. ರಿಮ್ ಅಡ್ಡಾಡುತ್ತಿದ್ದರೆ, ಬ್ರೇಕ್ ರಬ್ಬರ್ ರಿಮ್ ಬಿಟ್ಟು ಟೈರಿಗೆ ತಾಗುತ್ತಿದ್ದರೆ ನಾಳೆ ಆಫೀಸಿಗೆ ನಡೆದೇ ಹೋಗಿ, ಸಂಜೆ ರಿಪೇರಿ ಮಾಡಿಸಿ.